ನಾನು ಕಲೆ ತೆಗೆದ ಕತೆ

ಡೊಂಬಿವಲಿ ಪೂರ್ವದಲ್ಲಿ ಕಲೆ ತೆಗೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಭವಲ್ಲ. ಸ್ಟೇಷನ್ನಿನಿಂದ ನಮ್ಮ ಗಲ್ಲಿಯವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಪಾವ್‌ಭಾಜಿಯ ಕಲೆ, ಅರಸಿನದ ಕಲೆ, ಶಾಯಿಯ ಕಲೆ, ಆಫೀಸಿಗೆ ಹೋಗುವವರ ಕಾಲರಿನ ಮೇಲೆ ಲೋಕಲ್ ಟ್ರೈನು ಬಿಟ್ಟ ಕಲೆ, ಎಲ್ಲವೂ ನನ್ನ ಮೇಜಿನ ಮೇಲೆ ಶರಣಾಗಿವೆ. ಕೆಲವು ಗಂಡಸರ ಅಂಗಿಯ ಮೇಲೆ ತುಟಿಯ ಬಣ್ಣದ ಕಲೆ ಇರುತ್ತದೆ. ಅಂಥ ಕಲೆ ಬಂದಾಗ ನಾನು ಏನೂ ಕೇಳುವುದಿಲ್ಲ. ಅಂಗಡಿಗೆ ಗಿರಾಕಿಗಳು ಹೆಚ್ಚಿರುವುದು ಇದೇ ಕಾರಣಕ್ಕೆ!

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಕಾರ್ಕಳದ ಕಡೆಯಿಂದ ಬಂದವನು ಮೊದಲು ಹೋಟೆಲಿನಲ್ಲಿ ಲೋಟ ತೊಳೆದೆ. ಆಮೇಲೆ ಅದೇ ಹೋಟೆಲಿನ ಮೇಜುಬಟ್ಟೆ ತೊಳೆದೆ. ಆಮೇಲೆ ಊರವರ ಬಟ್ಟೆ ತೊಳೆಯಲು ಸ್ವಂತ ಲಾಂಡ್ರಿ ಹಾಕಿದೆ. ಹೀಗೆ ತೊಳೆಯುವ ಕ್ಷೇತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವನು ನಾನು. ಅಂಥವನಿಗೆ ಒಂದು ಫೋಟೋ ಯಾವ ಲೆಕ್ಕ?

ಫೋಟೋದ ವಿಷಯಕ್ಕೆ ಬರುವ ಮೊದಲು ಕ್ಯಾಮೆರಾದ ವಿಷಯ ಹೇಳಬೇಕು.

ಮಗಳು ಅಕ್ಷತಾ ಹನ್ನೆರಡನೆಯ ತರಗತಿ ಪಾಸಾದಾಗ ನಾನು ಅವಳಿಗೆ ಒಂದು ಡಿಜಿಟಲ್ ಕ್ಯಾಮೆರಾ ತಂದುಕೊಟ್ಟೆ. ಬೆಳ್ಳಿಯ ಬಣ್ಣದ್ದು. ಗುಂಡಿ ಒತ್ತಿದರೆ ಮೂತಿ ತಾನಾಗಿ ಹೊರಗೆ ಬರುತ್ತಿತ್ತು. ಎದುರು ನಿಂತವರು ನಕ್ಕರೆ ತಾನಾಗಿಯೇ ಫೋಟೋ ಹೊಡೆಯುತ್ತಿತ್ತು. "ನಮ್ಮ ಮನೆಗೆ ಬಂದ ಮೇಲೆ ಪಾಪ ಅದಕ್ಕೆ ಕೆಲಸವೇ ಇಲ್ಲ. ನೀವು ನಗುದು ಯಾವಾಗ, ಅದು ಹೊಡೆಯುದು ಯಾವಾಗ!" ಎಂದಳು ನನ್ನ ಹೆಂಡತಿ ಸುಮತಿ.

ನನ್ನ ತಮ್ಮನ ಮಗುವಿನ ನಾಮಕರಣದಲ್ಲಿ ಆ ಕ್ಯಾಮೆರಾ ಹಿಡಿದು ನಾನೇ ಓಡಾಡಿದೆ. ರೀಲು ಮುಗಿಯುವ ಭಯವಿಲ್ಲ ನೋಡಿ! ತೊಟ್ಟಿಲು ಹೊಡೆದೆ, ಭಟ್ಟರನ್ನು ಹೊಡೆದೆ, ಪಾಯಸದ ಪಾತ್ರೆಯನ್ನು ನಾಲ್ಕೂ ದಿಕ್ಕಿನಿಂದ ಹೊಡೆದೆ. ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿ, "ಇನ್ನು ನಿಧಾನಕ್ಕೆ ಕೂತು ನೋಡುವ" ಎಂದೆವು. ಆ ಮಗು ಈಗ ಚೀಲ ಹಾಕಿಕೊಂಡು ಶಾಲೆಗೆ ಹೋಗುತ್ತಿದೆ. ನಾವು ಇನ್ನೂ ಕೂತಿಲ್ಲ. ನಡುವೆ ಕಂಪ್ಯೂಟರು ತೀರಿಕೊಂಡಿತು. ಪಾಯಸವೂ ಅದರೊಂದಿಗೇ ಹೋಯಿತು.

ಹೀಗಿರುವಾಗ, ಠಾಣೆಯ ಕಾಲೇಜಿಗೆ ಹೋಗುತ್ತಿದ್ದ ಮಗಳು ಒಂದು ದಿನ ಕತ್ತಿನಲ್ಲಿ ಏನನ್ನೋ ನೇತುಹಾಕಿಕೊಂಡು ಮನೆಗೆ ಬಂದಳು. ಕಪ್ಪು ಪ್ಲಾಸ್ಟಿಕ್. ಟ್ರೈನಿನಲ್ಲಿ ಮಾರುವ ನೀರಿನ ಪಿಸ್ತೂಲಿನ ಅಣ್ಣನ ಹಾಗಿತ್ತು.

"ಇದೆಂಥದು ಮಗಾ?"

"ಕ್ಯಾಮೆರಾ, ಪಪ್ಪಾ."

"ಯಾರದ್ದು? ಮೇಲಿನ ಮನೆಯ ಬಾಬುವಿನದ್ದಾ?"

"ನನ್ನದೇ. ಟಾಯ್ ಕ್ಯಾಮೆರಾ. ಫಿಲ್ಮ್ ಹಾಕಿ ತೆಗೆಯೋದು."

ನಾನು ಕೈಗೆ ತೆಗೆದುಕೊಂಡು ನೋಡಿದೆ. ತೂಕವೇ ಇಲ್ಲ. ಕಣ್ಣಿಡುವ ಕಿಂಡಿ ಪ್ಲಾಸ್ಟಿಕ್. ಲೆನ್ಸೂ ಪ್ಲಾಸ್ಟಿಕ್. ಹಿಂದೆ ಪರದೆಯಿಲ್ಲ. ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ಬೆಳಕು ಒಳಗೆ ನುಗ್ಗುತ್ತದೆ. ಒಂದು ರೀಲಿಗೆ ಹನ್ನೆರಡೇ ಫೋಟೋ. ಒಂದು ತೆಗೆದ ಮೇಲೆ ಕೈಯಿಂದಲೇ ತಿರುಗಿಸಬೇಕು. ಮರೆತರೆ ಒಂದರ ಮೇಲೊಂದು ಬೀಳುತ್ತದೆ.

"ಯಾರೋ ನಿನಗೆ ಟೋಪಿ ಹಾಕಿದ್ದಾರೆ," ಎಂದೆ.

"ಅರೇ ಪಪ್ಪಾ, ಇದೇ ತೋ ಮಜಾ ಹೈ! ಡಿಜಿಟಲ್‌ನಲ್ಲಿ ಎಲ್ಲಾ ಪರ್ಫೆಕ್ಟ್ ಬರ್ತದೆ, ಫಿರ್ ಯಾರೂ ನೋಡೂದೇ ಇಲ್ಲ. ಇದರಲ್ಲಿ ಏನು ಬರ್ತದೆ ಅಂತ ಗೊತ್ತೇ ಆಗೂದಿಲ್ಲ."

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ನಾನು ಮತ್ತು ಸುಮತಿ ಮಾತಾಡುವುದು ತುಳು. ಮಗಳು ಉತ್ತರ ಕೊಡುವುದು ಹಿಂದಿಯಲ್ಲಿ. ಗೆಳತಿಯರ ಜೊತೆ ಮರಾಠಿ. ಆದರೆ ಆ ವರ್ಷ ನಮ್ಮ ಕನ್ನಡ ಸಂಘದವರು ಭಾನುವಾರದ ಕನ್ನಡ ತರಗತಿ ಶುರು ಮಾಡಿದ್ದರು. ನನ್ನ ಒತ್ತಾಯಕ್ಕೆ ಅವಳೂ ಹೋಗುತ್ತಿದ್ದಳು. ನನ್ನನ್ನು ಖುಷಿಪಡಿಸಬೇಕು ಎನಿಸಿದಾಗ ನಡುನಡುವೆ ಕನ್ನಡ ಹಾಕುತ್ತಿದ್ದಳು. ಅವಳ ಬಾಯಿಂದ ಒಂದು ಹೊಸ ಕನ್ನಡ ಶಬ್ದ ಬಂದರೆ ನನಗೆ ಆ ದಿನ ಊಟ ಜಾಸ್ತಿ ಸೇರುತ್ತಿತ್ತು. ನನ್ನ ಅನಾಹುತ ಹುಟ್ಟಿದ್ದು ಅಂಥ ಒಂದು ಶಬ್ದದಿಂದ.

ಮಗಳು ಆ ಆಟಿಕೆ ಹಿಡಿದು ಹನ್ನೆರಡು ಫೋಟೋ ತೆಗೆಯಲು ಹೆಚ್ಚುಕಡಿಮೆ ಒಂದು ತಿಂಗಳು ಮಾಡಿದಳು. ಒಂದು ಸಂಜೆ ನನ್ನ ಅಂಗಡಿಗೂ ಬಂದು, ನಾನು ಇಸ್ತ್ರಿ ಹಾಕುತ್ತಿರುವಾಗ ಒಮ್ಮೆ "ಟಕ್" ಎನಿಸಿ ಹೋದಳು. "ಇನ್ನೊಂದು ತೆಗಿ, ನಾನು ಕಣ್ಣು ಮುಚ್ಚಿರಬಹುದು," ಎಂದೆ. "ಒಂದೇ ಪಪ್ಪಾ," ಎಂದಳು. ಆ ಮೇಲೆ ರೀಲನ್ನು ದಾದರಿನ ಒಂದು ಹಳೆಯ ಲ್ಯಾಬಿಗೆ ತೊಳೆಯಲು ಕೊಟ್ಟಳು. ಫೋಟೋ ಬರಲು ಮತ್ತೆ ವಾರ. ಸತ್ಯ ಹೇಳಬೇಕೆಂದರೆ, ಆ ವಾರ ನಾನೂ ಕಾದೆ. "ಬಂತಾ?" ಎಂದು ಸುಮತಿ ಕೇಳುತ್ತಿದ್ದಳು, "ಬಂತಂತಾ?" ಎಂದು ಪಕ್ಕದ ಮನೆಯ ಹೆಂಗಸು ಕೇಳುತ್ತಿದ್ದರು. ನಾಮಕರಣದ ಅಷ್ಟು ಫೋಟೋಗಳಿಗೆ ಒಬ್ಬರೂ ಕಾದಿರಲಿಲ್ಲ!

ಕೊನೆಗೂ ಲಕೋಟೆ ಬಂತು. ಮಗಳು ಒಂದೇ ಒಂದು ಫೋಟೋವನ್ನು ದೊಡ್ಡದು ಮಾಡಿಸಿದ್ದಳು. ನನ್ನದು.

ಎರಡೂ ಕೈಯಿಂದ ಹಿಡಿದು ನನ್ನ ಮುಂದಿಟ್ಟಳು. ನೋಡಿದೆ. ನಾಲ್ಕೂ ಮೂಲೆ ಕಪ್ಪು. ನಡುವೆ ನಾನು, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. ತಿರುಗಿಸದೆ ಮತ್ತೊಮ್ಮೆ ಒತ್ತಿದ್ದರಿಂದಲೋ ಏನೋ, ನನ್ನ ಹೊಟ್ಟೆಯ ಮೂಲಕ ಒಂದು ಲೋಕಲ್ ಟ್ರೈನು ಹಾದುಹೋಗುತ್ತಿತ್ತು. ಅದನ್ನಾದರೂ ಸಹಿಸಬಹುದು. ಆದರೆ ಮುಚ್ಚಳದ ಸಂದಿಯಿಂದ ನುಗ್ಗಿದ ಬೆಳಕಿಗೆ ನನ್ನ ಬಿಳಿ ಶರ್ಟಿನ ಎಡಹೆಗಲಿನಿಂದ ಎದೆಯವರೆಗೆ ಕೆಂಪನೆಯ ಒಂದು ಪಟ್ಟಿ ಹರಿದಿತ್ತು! ಟೊಮೆಟೊ ಸಾರು ಚೆಲ್ಲಿದ ಹಾಗೆ! ಲಾಂಡ್ರಿಯವನ ಶರ್ಟಿನ ಮೇಲೆ!

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮೆಲ್ಲಗೆ, ಒಂದೊಂದೇ ಅಕ್ಷರ ಜೋಡಿಸಿಕೊಂಡು, ಕನ್ನಡದಲ್ಲಿ ಹೇಳಿದಳು:

"ಪಪ್ಪಾ, ಇದರಲ್ಲಿ ಕಲೆ ಇದೆ."

"ಕಾಣ್ತದೆ ಮಗಾ," ಎಂದೆ ನಿಟ್ಟುಸಿರು ಬಿಟ್ಟು.

ಅವಳ ಕಣ್ಣು ಅರಳಿತು. "ಸಚ್ಚೀ? ನಿಮಗೆ ಕಾಣ್ತದಾ?"

"ಕಾಣದೆ ಏನು! ಎಷ್ಟು ದೊಡ್ಡದುಂಟು!"

"ಎಲ್ಲರಿಗೂ ಕಾಣೂದಿಲ್ಲ ಪಪ್ಪಾ. ನನ್ನ ಫ್ರೆಂಡ್ಸ್ ಮನೆಯಲ್ಲೆಲ್ಲ ಬೈತಾರೆ."

"ಬೈಯುದೇ ಮತ್ತೆ. ಕುರುಡನಿಗೂ ಕಾಣುವಂಥದ್ದು."

ಅವಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ದೊಡ್ಡವಳಾದ ಮೇಲೆ ಹಾಗೆ ಮಾಡಿದವಳೇ ಅಲ್ಲ. ಮಗುವಿಗೆ ಪಾಪ ಎಷ್ಟು ಚಿಂತೆಯಾಗಿತ್ತೋ ಎಂದುಕೊಂಡು ನಾನು ಅವಳ ಬೆನ್ನು ತಟ್ಟಿದೆ. "ನೀನು ತಲೆಬಿಸಿ ಮಾಡ್ಬೇಡ. ನಾನು ಇದ್ದೇನಲ್ಲ."

ವಿಷಯ ಏನೆಂದರೆ, ಠಾಣೆಯ ಒಂದು ಸಭಾಂಗಣದಲ್ಲಿ ಇಂಥ ಆಟಿಕೆ ಕ್ಯಾಮೆರಾದ ಫೋಟೋಗಳ ಪ್ರದರ್ಶನ ಇತ್ತು. ಒಬ್ಬರಿಗೆ ಒಂದೇ ಫೋಟೋ, ಒಂದೇ ಜಾಗ. ಇವಳೂ ಇದರ ಪ್ರತಿ ಕಳಿಸಿದಳು; ಬಹಳ ಜನ ಕಳಿಸಿದ್ದರಲ್ಲಿ ಕೆಲವೇ ದಿನಗಳಲ್ಲಿ ಇವಳದ್ದು ಆಯ್ಕೆಯಾಯಿತು. ಜೀವನದಲ್ಲಿ ಮೊದಲ ಸಲ ಅವಳ ಹೆಸರು ಒಂದು ಗೋಡೆಯ ಮೇಲೆ ಬರುವುದಿತ್ತು. ಪರೀಕ್ಷೆ ಹತ್ತಿರ ಬಂದಿದ್ದರಿಂದ ಫ್ರೇಮ್ ಹಾಕಿಸುವ ಕೆಲಸ ನನಗೆ ಬಂತು. ನೆಗೆಟಿವ್ ಸಮೇತ ಲಕೋಟೆಯನ್ನು ನನ್ನ ಕೈಗಿತ್ತು, "ಹೇಗಿದೆಯೋ ಹಾಗೇ ಫ್ರೇಮ್ ಮಾಡಿಸಿ ಪಪ್ಪಾ, ಶನಿವಾರ ಅಲ್ಲಿಗೇ ತನ್ನಿ," ಎಂದಳು.

ಹೇಗಿದೆಯೋ ಹಾಗೇ! ಈ ಮಾತನ್ನು ನಾನು ಮೇಜಿನ ಆಚೆಯಿಂದ ಎಷ್ಟು ಸಲ ಕೇಳಿಲ್ಲ? ಸಂಕೋಚದ ಗಿರಾಕಿಗಳೆಲ್ಲ ಹೇಳುವುದು ಇದನ್ನೇ. "ಕಲೆ ಹೋಗದಿದ್ದರೆ ಇರಲಿ ಅಂಕಲ್, ಹಾಗೇ ಇಸ್ತ್ರಿ ಹಾಕಿ ಕೊಡಿ." ಬಾಯಿ ಹಾಗೆನ್ನುತ್ತದೆ, ಕಣ್ಣು ಬೇರೆಯೇ ಬೇಡುತ್ತದೆ. ಒಳ್ಳೆಯ ಲಾಂಡ್ರಿಯವನು ಕಣ್ಣಿನ ಮಾತು ಕೇಳಬೇಕು.

ಕೇಳಿದೆ!

ಮರುದಿನ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಫೋಟೋವನ್ನು ಬಿಳಿಯ ಬಟ್ಟೆಯ ಮೇಲೆ ಮಲಗಿಸಿದೆ. ಕಲೆ ತೆಗೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಬೇಕು. ಕಪ್ಪು ಮೂಲೆಗೆ ನನ್ನ ಮಿಶ್ರಣದ ಒಂದು ಹನಿ ಮುಟ್ಟಿಸಿದೆ. ಏನೂ ಆಗಲಿಲ್ಲ. ಆಗಿದ್ದರೂ ಆ ಕಪ್ಪಿನಲ್ಲಿ ಕಾಣುವುದು ಹೇಗೆ ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಹತ್ತಿಯನ್ನು ಅದ್ದಿ ಹೆಗಲಿನ ಮೇಲೆ ಹಗುರಾಗಿ ಒತ್ತಿದೆ.

ಕೆಂಪು ಹೋಯಿತು! ನನ್ನ ಸಂತೋಷಕ್ಕೆ ಪಾರವಿಲ್ಲ.

ಕೆಂಪಿನ ಜೊತೆ ಹೆಗಲೂ ಹೋಯಿತು. ಅದು ಇದ್ದ ಜಾಗ ಹಳದಿಯಾಯಿತು. ಹಳದಿ ಎಂದರೆ ನನಗೆ ಹೆದರಿಕೆಯೇ? ಅದಕ್ಕೆ ಬೇರೆ ದ್ರಾವಣ ಇದೆ. ಹಾಕಿದೆ. ಹಳದಿ ಕುತ್ತಿಗೆಗೆ ಹತ್ತಿತು. ಕುತ್ತಿಗೆಯಿಂದ ಗಲ್ಲಕ್ಕೆ. ನೀರು ಹಾಕಿದೆ, ಒರೆಸಿದೆ. ಒರೆಸಿದ ಬಟ್ಟೆಗೆ ನನ್ನ ಮೂಗು ಬಂತು. ಐದೇ ನಿಮಿಷದಲ್ಲಿ ಆ ಫೋಟೋದಲ್ಲಿ ಉಳಿದದ್ದು ಇಸ್ತ್ರಿ ಪೆಟ್ಟಿಗೆ ಮತ್ತು ಟ್ರೈನು. ಯಜಮಾನ ನಾಪತ್ತೆ!

ಸುಮತಿ ಊಟದ ಡಬ್ಬಿ ತಂದವಳು ಬಾಗಿಲಲ್ಲೇ ನಿಂತಳು.

"ಇದು ನೀವಾ?"

"ಆಗಿದ್ದೆ."

"ದೇವರೇ! ಅವಳಿಗೆ ಈಗಲೇ ಫೋನ್ ಮಾಡಿ ಹೇಳಿ."

"ಪರೀಕ್ಷೆಗೆ ಓದುವ ಮಗುವಿಗೆ ತೊಂದರೆ ಕೊಡುದು ಬೇಡ. ನೆಗೆಟಿವ್ ಉಂಟಲ್ಲ, ಇನ್ನೊಂದು ಮಾಡಿಸ್ತೇನೆ."

"ಮಾಡಿಸುದಾದ್ರೆ ಅಂಥದ್ದೇ ಮಾಡಿಸಿ. ನಿಮ್ಮ ಬುದ್ಧಿ ಖರ್ಚು ಮಾಡ್ಬೇಡಿ."

ಹೆಂಡತಿಯ ಮಾತನ್ನು ಆ ಕ್ಷಣ ಪಾಲಿಸಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ನಮ್ಮ ಡೊಂಬಿವಲಿಯಲ್ಲಿ ನಾನು ಹತ್ತಿದ ಸ್ಟುಡಿಯೋಗಳಲ್ಲೆಲ್ಲ ನೆಗೆಟಿವ್ ನೋಡಿ ಕೈಯಾಡಿಸಿದರು. "ಅಬ್ ಕೌನ್ ಫಿಲ್ಮ್ ಧೋತಾ ಹೈ ಅಂಕಲ್? ಮಶೀನ್ ಕಬ್ ಕಾ ಬೇಚ್ ದಿಯಾ." ಈಗ ಫಿಲ್ಮ್ ತೊಳೆಯುವವರಿಲ್ಲ, ಮಶೀನು ಎಂದೋ ಮಾರಿಯಾಗಿದೆ ಅಂತ. ದಾದರಿನ ಲ್ಯಾಬಿಗೆ ಹೋದರೆ ಮಗಳಿಗೆ ಸುದ್ದಿ ಮುಟ್ಟೀತೆಂಬ ಭಯ. ಕೊನೆಗೆ ಯಾರೋ ಕಲ್ಯಾಣದ ಸ್ಟೇಷನ್ ಹತ್ತಿರದ ಒಂದು ಸ್ಟುಡಿಯೋ ಹೇಳಿದರು. ಹೋದೆ. ಕಂಪ್ಯೂಟರಿನ ಮುಂದೆ ಕಿವಿಗೆ ವಯರು ಚುಚ್ಚಿಕೊಂಡ ಒಬ್ಬ ಯುವಕ ಕೂತಿದ್ದ. ನೆಗೆಟಿವನ್ನು ಯಾವುದೋ ಪೆಟ್ಟಿಗೆಯೊಳಗೆ ಹಾಕಿ ಪರದೆಯ ಮೇಲೆ ತಂದ. ನಾನು ಮತ್ತೆ ಪ್ರತ್ಯಕ್ಷ! ಟ್ರೈನೂ ಪ್ರತ್ಯಕ್ಷ. ಕೆಂಪು ಪಟ್ಟಿಯೂ.

ಅವನು ವಯರು ತೆಗೆದು ಕೇಳಿದ: "ಅಂಕಲ್, ಯೇ ದಾಗ್ ನಿಕಾಲ್ ದೂಂ?" ಈ ಕಲೆ ತೆಗೆಯಲೇ ಅಂತ.

ಇನ್ನೊಬ್ಬ ಕಸುಬುದಾರ ನನ್ನ ಕಣ್ಣಿನ ಮಾತು ಕೇಳಿದ್ದ! ನನಗೆ ಅವನ ಕೈ ಕುಲುಕಬೇಕೆನಿಸಿತು.

"ನಿಕಾಲ್ ದೋ."

ಅವನು ಕಂಪ್ಯೂಟರಿನ ಇಲಿಯನ್ನು ಹೀಗೆ ಒರೆಸಿದ, ಕಲೆ ಮಾಯ. ನೀರಿಲ್ಲ, ಬ್ಲೀಚಿಲ್ಲ, ಉಜ್ಜುವುದಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

"ಟ್ರೈನ್?"

"ನಿಕಾಲ್ ದೋ."

"ಕೋನೇ ಕಾ ಕಾಲಾ?" ಎಂದು ಮೂಲೆಗಳ ಕಪ್ಪನ್ನು ತೋರಿಸಿದ.

"ವೋ ಭೀ."

ಕೆಲಸ ಕಂಡರೆ ಬಿಡದ ಯುವಕ. ಮುಖದ ಸುಕ್ಕು ತೆಗೆದ. ಬಣ್ಣ ಬೆಳಗಿಸಿದ. ಮುಂದಲೆಯ ಬೋಳನ್ನು ನೋಡಿ, ನನ್ನ ಒಪ್ಪಿಗೆಯನ್ನೂ ಕೇಳದೆ ಕೂದಲು ನೆಟ್ಟ. ನನ್ನ ಹಿಂದೆ ನೇತಾಡುತ್ತಿದ್ದ ಗಿರಾಕಿಗಳ ಪ್ಯಾಂಟುಗಳನ್ನು ತೋರಿಸಿ, "ಬ್ಯಾಕ್‌ಗ್ರೌಂಡ್ ಚೇಂಜ್ ಕರೂಂ?" ಎಂದ. ಪರರ ಪ್ಯಾಂಟುಗಳು ಪ್ರದರ್ಶನಕ್ಕೆ ಹೋಗುವುದು ನನಗೂ ಸರಿ ಕಾಣಲಿಲ್ಲ. ಒಂದು ಜಲಪಾತ ಹಾಕಿದ. ಇಸ್ತ್ರಿ ಪೆಟ್ಟಿಗೆಯನ್ನು ತೆಗೆಯಲು ಹೊರಟಾಗ ಮಾತ್ರ ನಾನು ಗಂಭೀರವಾಗಿ ತಡೆದೆ. "ಅದು ಇರಲಿ. ಅದು ನನ್ನ ಅನ್ನ."

ಹೀಗೆ, ಜಲಪಾತದ ಎದುರು, ದಟ್ಟ ಕೂದಲಿನ ಒಬ್ಬ ಬೆಳ್ಳಗಿನ ಯುವಕ, ಕೈಯಲ್ಲಿ ಬಿಸಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿರುವ ಭಾವಚಿತ್ರ ಸಿದ್ಧವಾಯಿತು. ಅಂಥದ್ದಕ್ಕೆ ಸಾದಾ ಫ್ರೇಮು ಅವಮಾನ. ಬಂಗಾರದ ಬಣ್ಣದ, ಬಳ್ಳಿ ಕೆತ್ತಿದ ಫ್ರೇಮು ಹಾಕಿಸಿದೆ.

ಮನೆಯಲ್ಲಿ ಸುಮತಿ ಅದನ್ನು ಬಹಳ ಹೊತ್ತು ನೋಡಿದಳು.

"ನಮ್ಮ ಮದುವೆ ದಿನವೂ ನೀವು ಹೀಗಿರ್ಲಿಲ್ಲ," ಎಂದಳು. ಆಮೇಲೆ, "ಇವರನ್ನು ನೋಡಿದ್ದಿದ್ರೆ ನಾನು ಇನ್ನೂ ಬೇಗ ಒಪ್ತಿದ್ದೆ," ಎಂದಳು. ಆಮೇಲೆ ನಗು ನಿಲ್ಲಿಸಿ, "ಅಲ್ಲ, ಅವಳು ಹೇಳಿದ್ದು ಹಾಗೇ ಅಂತಲ್ವಾ?" ಎಂದಳು.

"ಸರ್ಪ್ರೈಸ್!" ಎಂದೆ.

ಶನಿವಾರ ಫ್ರೇಮನ್ನು ಕಂದು ಕಾಗದದಲ್ಲಿ ಸುತ್ತಿ, ಹುರಿಯಿಂದ ಬಿಗಿದು, ಠಾಣೆಯ ಟ್ರೈನು ಹತ್ತಿದೆ. ನಾನು ಸ್ವತಃ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟಿದ್ದೆ. ಬೋಗಿಯಲ್ಲಿ ನಿಂತಿದ್ದ ಒಬ್ಬರು ಫ್ರೇಮಿನ ಮೂಲೆ ಪಕ್ಕೆಗೆ ಚುಚ್ಚಿದ್ದಕ್ಕೆ, "ಕ್ಯಾ ಹೈ ಇಸ್ ಮೇ?" ಎಂದು ಗದರಿದರು. "ಮೈ ಹೂಂ," ಇದರಲ್ಲಿ ನಾನಿದ್ದೇನೆ ಎಂದೆ. ಅವರು ಸ್ವಲ್ಪ ದೂರ ಸರಿದು ನಿಂತರು.

ಸಭಾಂಗಣದಲ್ಲಿ ಬೆಳಗ್ಗಿನಿಂದ ಓಡಾಡಿ ದಣಿದಿದ್ದ ಮಗಳು ನನ್ನನ್ನು ಕಂಡು ಓಡಿಬಂದಳು. "ದೇಶಪಾಂಡೆ ಮೇಡಂ, ಮಾಝೇ ಪಪ್ಪಾ!" ಎಂದು ವ್ಯವಸ್ಥಾಪಕಿಗೆ ಪರಿಚಯಿಸಿದಳು. ಸುತ್ತ ಗೋಡೆಗಳ ಮೇಲೆ ಇತರರ ಫೋಟೋಗಳು. ಒಂದರಲ್ಲಿ ಸಮುದ್ರದ ಖಾಡಿಯ ಮೇಲಿನ ಸೇತುವೆ ವಾಲಿದೆ. ಇನ್ನೊಂದರಲ್ಲಿ ಶಹಾಡಿನ ಕಾರ್ಖಾನೆಯ ಚಿಮಣಿಯ ಪಕ್ಕದಲ್ಲಿ ಹಸಿರು ಗೆರೆ. ಒಬ್ಬ ಮುದುಕಿಗೆ ಎರಡು ತಲೆ. ಎಲ್ಲದರಲ್ಲೂ ಕಲೆ! ಪಾಪ, ಈ ಮಕ್ಕಳ ತಂದೆಯರಿಗೆ ಕಲೆ ತೆಗೆಯಲು ಬಾರದು ಎಂದು ಕನಿಕರಪಟ್ಟೆ.

ಹುರಿ ಬಿಚ್ಚಿದೆ. ಕಾಗದ ಸರಿಸಿದೆ.

ಮೇಡಂ ಸಜ್ಜನ ಹೆಂಗಸು. ಬಹಳ ಯೋಚಿಸಿ ಹೇಳಿದರು: "ಕಾಕಾ, ಫ್ರೇಮ್ ಫಾರ್ ಛಾನ್ ಆಹೇ!"

ಫ್ರೇಮು ಚೆನ್ನಾಗಿದೆಯಂತೆ.

ಮಗಳು ಜಲಪಾತವನ್ನು ನೋಡಿದಳು, ನನ್ನನ್ನು ನೋಡಿದಳು. "ಪಪ್ಪಾ, ನನ್ನ ಫೋಟೋ ಎಲ್ಲಿ?"

"ಇದೇ ಮಗಾ. ಕಲೆ ತೆಗೆಸಿದ್ದೇನೆ. ನೀನೇ ಹೇಳಿದ್ದಲ್ವಾ, ಕಲೆ ಇದೆ ಅಂತ?"

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಅವಳಿಗೆ ಕೊಟ್ಟ ಖಾಲಿ ಜಾಗದ ಕೆಳಗೆ ಒಂದು ಬಿಳಿ ಚೀಟಿ ಅಂಟಿಸಿತ್ತು. ಮರಾಠಿ, ಇಂಗ್ಲಿಷ್ ಚೀಟಿಗಳ ನಡುವೆ ಅದೊಂದೇ ಕನ್ನಡದ್ದು. ಅವಳದೇ ಕೈಬರಹ, ಲೆ ಅಕ್ಷರ ಸ್ವಲ್ಪ ಓರೆ. ಚಿತ್ರದ ಹೆಸರು: ಕಲೆ. ಅದರ ಕೆಳಗೆ: ನನ್ನ ಪಪ್ಪ.

"ಕಲೆ ಮತ್ಲಬ್ ಆರ್ಟ್, ಪಪ್ಪಾ. ಕ್ಲಾಸಲ್ಲಿ ಸರ್ ಕಲಿಸಿದ್ರು. ಕಲೆ, ಸಾಹಿತ್ಯ, ಸಂಸ್ಕೃತಿ."

ಆ ಮೂರು ಶಬ್ದ ಬರೆದ ಸಂಘದ ಬ್ಯಾನರನ್ನು ಪ್ರತಿ ವರ್ಷ ತೊಳೆದು ಇಸ್ತ್ರಿ ಹಾಕಿ ಕೊಡುವವನು ನಾನೇ! ಆ "ಕಲೆ" ಎಂಬ ಶಬ್ದದ ಮೇಲಿನ ಚಹಾದ ಕಲೆಯನ್ನೂ ನಾನೇ ತೆಗೆದಿದ್ದೇನೆ! ಆದರೂ ಅಂಗಡಿಯಲ್ಲಿ ಇಷ್ಟು ವರ್ಷ ಬದುಕಿದವನಿಗೆ ಆ ಶಬ್ದಕ್ಕೆ ಇನ್ನೊಂದು ಅರ್ಥ ಇರುವುದು ನೆನಪಾಗಲಿಲ್ಲ.

"ನೀವು ಕಾಣ್ತದೆ ಅಂದ್ರಿ," ಎಂದಳು. ದನಿ ಸಣ್ಣದಾಗಿತ್ತು. "ನನಗೆ ಎಷ್ಟು ಖುಷಿ ಆಗಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ನನ್ನಲ್ಲಿ ಯಾವಾಗಲೂ ಸಿದ್ಧವಿರುತ್ತದೆ. ಗಂಜಿ ಹಾಕಿದ ಶರ್ಟು ಮಾತ್ರ ನೆಟ್ಟಗೆ ನಿಂತಿತ್ತು, ಒಳಗಿನವನು ಕುಸಿದಿದ್ದ.

"ತಪ್ಪಾಯ್ತು ಮಗಾ," ಎಂದೆ.

ಅವಳು ಕಣ್ಣು ಒರೆಸಿಕೊಂಡು ಥಟ್ಟನೆ ಕೇಳಿದಳು: "ನೆಗೆಟಿವ್?"

ಜೇಬಿನಲ್ಲಿತ್ತು. ಕೊಟ್ಟೆ. ಟ್ಯೂಬ್‌ಲೈಟಿಗೆ ಹಿಡಿದು ಒಂದು ಬದಿಯಿಂದ ಇನ್ನೊಂದು ಬದಿಗೆ ನೋಡಿದಳು. ನಾನೂ ಇಣುಕಿದೆ. ಅದನ್ನೂ ಆ ಕಲ್ಯಾಣದ ಯುವಕ ಬೆಳ್ಳಗೆ ಮಾಡಿದ್ದಾನೋ ಏನೋ!

"ಹೈ," ಎಂದಳು. "ಕಲೆ ಭೀ ಹೈ."

ಮೇಡಂ ಗಡಿಯಾರ ನೋಡಿದರು. ಸಂಜೆ ಮುಚ್ಚುವುದರೊಳಗೆ ತಂದರೆ ಜಾಗ ಉಳಿಸುತ್ತೇನೆ, ಇಲ್ಲದಿದ್ದರೆ ನಾಳೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಮಗಳು ಚೀಲ ಹೆಗಲಿಗೇರಿಸಿದಳು. ದಾದರಿನ ಲ್ಯಾಬಿಗೆ ಹೋಗಿ ಹೊಸದು ಮಾಡಿಸಿಕೊಂಡು ಬರಬೇಕು. ರೀಲು ಮೊದಲೇ ತೊಳೆದಿದ್ದರಿಂದ ಈ ಸಲ ವಾರ ಕಾಯಬೇಕಿರಲಿಲ್ಲ.

"ನಾನೂ ಬರ್ತೇನೆ."

"ಬೇಡ!" ಎಂದು ಮಗಳು ಕನ್ನಡದಲ್ಲಿ, ಮೇಡಂ ಮರಾಠಿಯಲ್ಲಿ ಒಟ್ಟಿಗೇ ಅಂದರು. ಮಗಳು ಮುಂದುವರಿಸಿದಳು: "ನೀವು ಇಲ್ಲೇ ನಿಲ್ಲಿ ಪಪ್ಪಾ. ಜಾಗ ನೋಡ್ಕೊಳ್ಳಿ. ಏನನ್ನೂ ಮುಟ್ಟಬೇಡಿ."

ನಿಂತೆ. ಖಾಲಿ ಗೋಡೆಯ ಮುಂದೆ, ಚೀಟಿಯ ಪಕ್ಕದಲ್ಲಿ, ಬಿಳಿಯ ಶರ್ಟಿನಲ್ಲಿ, ಕೈಕಟ್ಟಿಕೊಂಡು. ಜನ ಬರತೊಡಗಿದರು. ಕೆಲವರು ನನ್ನ ಮುಂದೆ ನಿಂತು, ತಲೆ ಓರೆ ಮಾಡಿ, ನನ್ನನ್ನೇ ಕೆಳಗಿನಿಂದ ಮೇಲಿನವರೆಗೆ ನೋಡಿದರು. ನಾನೇ ಪ್ರದರ್ಶನದ ವಸ್ತು ಎಂದುಕೊಂಡಿದ್ದರು! ಒಬ್ಬ ಹುಡುಗಿ, "ಹೌ ಬೋಲ್ಡ್!" ಎಂದು ಗೆಳತಿಗೆ ಪಿಸುಗುಟ್ಟಿದಳು. ನಾನು ಮಿಸುಕಾಡಲಿಲ್ಲ. ಮುಟ್ಟಬೇಡಿ ಎಂದಿದ್ದಳಲ್ಲ, ಬೆನ್ನು ತುರಿಸಿದರೂ ಮುಟ್ಟಲಿಲ್ಲ.

ಆಗ ಬಂದರು ಒಬ್ಬ ಹಿರಿಯರು. ಕನ್ನಡ ಚೀಟಿ ಕಂಡದ್ದೇ ಮುಖ ಅರಳಿತು.

"ಓ, ಕನ್ನಡ! ನಮ್ಮವರಾ? ಯಾವ ಊರಾಯ್ತು?"

"ಕಾರ್ಕಳದ ಕಡೆ. ಡೊಂಬಿವಲಿಯಲ್ಲಿ ಲಾಂಡ್ರಿ ಉಂಟು."

"ನಾನು ಕುಂದಾಪುರದವ. ಐರೋಲಿಯಲ್ಲಿರುದು." ಅವರು ಕನ್ನಡಕ ಏರಿಸಿ ಚೀಟಿಯನ್ನು ಓದಿದರು. ಗೋಡೆಯನ್ನು ನೋಡಿದರು. "ಕಲೆ ಅಂತ ಬರ್ದಿದ್ದಾರಲ್ಲ. ಎಲ್ಲಿ, ಕಾಣುದಿಲ್ಲ?"

ನನಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ನಾನು ತೆಗ್ದೆ," ಎಂದೆ.

ಅವರು ಗೋಡೆಯ ಹತ್ತಿರ ಹೋದರು. ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬೆರಳು ಆಡಿಸಿದರು. ತಿರುಗಿ ನನ್ನ ಕೈ ಹಿಡಿದು ಕುಲುಕಿದರು. "ಸ್ವಲ್ಪವೂ ಗುರ್ತಿಲ್ಲ ಮಾರಾಯ್ರೆ! ಎಂಥ ಕೈ ನಿಮ್ದು! ಇನ್ನು ನಮ್ಮ ಮನೆ ಬಟ್ಟೆಯೆಲ್ಲ ನಿಮಗೇ. ಐರೋಲಿಯಿಂದಾದ್ರೂ ತರ್ತೇನೆ." ಹೀಗೆಂದು ಅವರು ಚಹಾ ಕುಡಿಯಲು ಕೆಳಗೆ ಹೋದರು.

ಅಂಗಡಿ ಹಾಕಿದ ಮೇಲೆ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಆ ಹೊತ್ತಿನಲ್ಲೇ ಸಿಗಬೇಕಿತ್ತೇ?

ಸಭಾಂಗಣದವರು ಕಿಟಕಿ ಮುಚ್ಚಲು ಶುರುಮಾಡಿದಾಗ ಮಗಳು ಏದುಸಿರು ಬಿಡುತ್ತಾ ಬಂದಳು. ಕೂದಲೆಲ್ಲ ಕೆದರಿತ್ತು, ಫೋಟೋವನ್ನು ಎದೆಗೆ ಒತ್ತಿಕೊಂಡಿದ್ದಳು. ಬಂಗಾರದ ಫ್ರೇಮಿನಿಂದ ಜಲಪಾತದ ಯುವಕನನ್ನು ಹೊರಗೆ ಹಾಕಿ, ಆ ಜಾಗದಲ್ಲಿ ಇದನ್ನು ಕೂರಿಸಿ, ಮೊಳೆಗೆ ತೂಗುಹಾಕಿದಳು. ಫ್ರೇಮು ಚೆನ್ನಾಗಿತ್ತಲ್ಲ, ಅದಾದರೂ ಉಪಯೋಗಕ್ಕೆ ಬಂತು.

ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು, ಈ ಸಲ ಗಿರಾಕಿಯ ಬಟ್ಟೆ ನೋಡುವ ಹಾಗೆ ನೋಡದೆ, ಸುಮ್ಮನೆ ನೋಡಿದೆ. ಅಲ್ಲಿದ್ದವನಿಗೆ ಬೋಳು ಇತ್ತು, ಸುಕ್ಕು ಇತ್ತು, ಹಿಂದೆ ಪರರ ಪ್ಯಾಂಟುಗಳಿದ್ದವು. ಹೆಗಲಿನ ಮೇಲಿನ ಕೆಂಪು, ದಿನವಿಡೀ ಇಸ್ತ್ರಿಯ ಮುಂದೆ ನಿಂತವನ ಮೈಯ ಬಿಸಿ ಹೊರಗೆ ಕಂಡ ಹಾಗೆ ಇತ್ತು. ಟ್ರೈನು ಹೊಟ್ಟೆಯ ಮೂಲಕ ಹೋಗುತ್ತಿತ್ತು. ಅದೂ ಸುಳ್ಳಲ್ಲ, ಈ ಊರಿಗೆ ಬಂದಂದಿನಿಂದ ಹೋಗುತ್ತಲೇ ಇದೆ. ಇಷ್ಟನ್ನು ಅವಳು ಆ ನೀರಿನ ಪಿಸ್ತೂಲಿನ ಅಣ್ಣನಿಂದ, ಒಂದೇ ಒಂದು ಫೋಟೋದಲ್ಲಿ ಹಿಡಿದಿದ್ದಳು. ನಾನು ಪಾಯಸದ ಪಾತ್ರೆಯನ್ನು ನಾಲ್ಕು ದಿಕ್ಕಿನಿಂದ ಹೊಡೆದವನು!

"ಈಗ ಕಾಣ್ತದಾ ಪಪ್ಪಾ?"

"ಕಾಣ್ತದೆ," ಎಂದೆ. "ಈ ಸಲ ಸರಿಯಾದದ್ದೇ ಕಾಣ್ತದೆ."

ಅವಳು ನಕ್ಕಳು. ಅಷ್ಟರಲ್ಲಿ ಚಹಾ ಮುಗಿಸಿದ ಕುಂದಾಪುರದ ಹಿರಿಯರು ಮನೆಗೆ ಹೊರಡುವ ಮುನ್ನ ಹೇಳಿಹೋಗಲು ಮೇಲೆ ಬಂದರು. ಗೋಡೆ ನೋಡಿದರು. ಬಿಳಿ ಶರ್ಟು, ಅದರ ಮೇಲೆ ಹೆಗಲಿನಿಂದ ಎದೆಯವರೆಗೆ ಕೆಂಪು. ಅವರ ಮುಖ ಬಾಡಿಹೋಯಿತು.

"ಅಯ್ಯೋ! ಕಲೆ ಮತ್ತೆ ಬಂತಲ್ಲ ಮಾರಾಯ್ರೆ!"

"ಹೌದು," ಎಂದೆ. "ನೀವು ಬೇರೆ ಲಾಂಡ್ರಿ ನೋಡುದೇ ಒಳ್ಳೇದು."